ಕೆಲೆಪಿ ಬರೆಯದ ಪತ್ರ

ನಮ್ಮ ದ್ವೀಪದ ಹವೆಲು ಊರಿನಲ್ಲಿ ಕಂಪ್ಯೂಟರ್ ಕೆಟ್ಟರೆ ಎಲ್ಲರೂ ಕೂಗುವುದು ಒಂದೇ ಹೆಸರು, ಕೆಲೆಪಿ. ನಮ್ಮೂರೇ ಏನು, ಪಟ್ಟಣದ ಬೇಕರಿ, ಔಷಧದಂಗಡಿ, ವೆನಿಲಾ ಸಾಗಿಸುವವರ ಆಫೀಸು, ಲಿನ್ ಸಾಹುಕಾರನ ಕಿರಾಣಿ ಅಂಗಡಿ, ಎಲ್ಲ ಕಡೆಗೂ ಅವನೇ ಬೇಕು. ಕೆಟ್ಟದ್ದನ್ನು ಸರಿ ಮಾಡುವುದು ಸಣ್ಣ ಕೆಲಸ, ಕೆಡದ ಹಾಗೆ ಕಾಯುವುದೇ ದೊಡ್ಡದು ಎಂದು ಅವನು ಹೇಳುತ್ತಾನೆ. ಈಗಿನ ಕಳ್ಳರು ಬೇಲಿ ಹಾರಿ ಬರುವುದಿಲ್ಲವಂತೆ, ಸಮುದ್ರದಡಿಯ ತಂತಿಯಲ್ಲಿ ಬರುತ್ತಾರಂತೆ. ನಾನು ರಸ್ತೆ ಬದಿಯಲ್ಲಿ ಕೆಕೆ ಕರಿದು ಮಾರುವವಳು. ಎಣ್ಣೆಯಲ್ಲಿ ಬೇಯುವ ಹಿಟ್ಟಿನ ಉಂಡೆಗೆ ಪಾಸ್‌ವರ್ಡ್ ಬೇಕಾಗಿಲ್ಲ, ಅಷ್ಟರಮಟ್ಟಿಗೆ ನಾನು ಸುಖಿ.

ಅವನು ದಿನಾ ಬೆಳಿಗ್ಗೆ ಸೈಕಲ್ ನಿಲ್ಲಿಸಿ ನನ್ನ ಹತ್ತಿರ ಕೆಕೆ ತಿನ್ನುತ್ತಾನೆ. ಬೇಕರಿಯ ಪೆನಿಯೂ ಅದೇ ಹೊತ್ತಿಗೆ ಬರುತ್ತಾನೆ. ಬೇಕರಿ ಇಟ್ಟುಕೊಂಡವನು ನನ್ನ ಹತ್ತಿರ ಬಂದು ತಿನ್ನುವುದೆಂದರೆ ಅವನ ಬ್ರೆಡ್ಡಿನ ರುಚಿ ನೀವೇ ಲೆಕ್ಕ ಹಾಕಿಕೊಳ್ಳಿ. ಒಂದು ದಿನ ಕೆಲೆಪಿ ಅವನನ್ನು ಹಿಡಿದ.

"ಪೆನಿ, ನಿನ್ನ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲಪ್ಪ. ನನಗೆ, ನನ್ನ ಹೆಂಡ್ತಿಗೆ, ಅವಳ ಅಕ್ಕಂದಿರಿಗೆ, ಹಿಟ್ಟು ಕಲಸೋರಿಗೆ. ಆಮೇಲೆ ಪಾದ್ರಿಗಳಿಗೆ."

"ಪಾದ್ರಿಗೆ ಯಾಕೋ?"

"ಕೇಳಿದ್ರು. ಪಾದ್ರಿ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನಕ್ಕಾಗತ್ತಾ?"

ಆಗುವುದಿಲ್ಲ. ನಮ್ಮಲ್ಲಿ ಕೇಳಿದವರಿಗೆ ಇಲ್ಲ ಅನ್ನುವ ಅಭ್ಯಾಸವೇ ಇಲ್ಲ. ಹಂದಿ ಕೇಳಿದರೆ ಹಂದಿ, ಚಾಪೆ ಕೇಳಿದರೆ ಚಾಪೆ, ಕೊಟ್ಟು ಒಳಗೆ ಬಂದು ಗೊಣಗಬೇಕು. ಇಂಥ ಜನರ ನಡುವೆ ಗುಟ್ಟು ಕಾಪಾಡುವ ಕೆಲಸ ಹಿಡಿದ ಕೆಲೆಪಿಯನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತಿತ್ತು. ಅವನು ಬೇಸತ್ತು ಕೊನೆಗೆ ಎಲ್ಲರಿಗೂ ಒಂದೇ ಒಂದು ಪಾಠ ಹೇಳಿಕೊಟ್ಟ. ಕಂಪ್ಯೂಟರಿನಲ್ಲಿ ಯಾರ ಹೆಸರಿನಲ್ಲಿ ಪತ್ರ ಬಂದರೂ ಸರಿ, ಜೊತೆಗೆ ಇದನ್ನು ತೆರೆದು ನೋಡು ಅಂತ ಏನಾದರೂ ಇದ್ದರೆ, ಮೊದಲು ಆ ಮನುಷ್ಯನಿಗೇ ಫೋನ್ ಮಾಡಿ ಕೇಳಿ, ನೀನೇ ಕಳಿಸಿದೆಯಾ ಅಂತ. ಅವನು ಹೌದು ಅಂದ ಮೇಲೆ ತೆರೆಯಿರಿ. ಫೋನ್ ಮಾಡಿ ಹರಟೆ ಹೊಡೆಯುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೊಂದು ಪಾಠ ಊರಿಗೇ ಬಾಯಿಪಾಠವಾಯಿತು.

ಊರನ್ನೆಲ್ಲ ಕಾಯುವ ಈ ಕೆಲೆಪಿ ಒಂದೇ ಒಂದು ಕಂಪ್ಯೂಟರ್ ಇರುವ ಕಡೆಗೆ ಹೋಗುತ್ತಿರಲಿಲ್ಲ. ಅದು ಅವನದೇ ಮನೆಯಲ್ಲಿತ್ತು. ಅವನ ಅಕ್ಕ ಲೂಪೆ ಮಲಗುವ ಕೋಣೆಯಲ್ಲಿ.

ನಮ್ಮಲ್ಲಿ ಅಕ್ಕತಮ್ಮಂದಿರ ನಡುವೆ ಒಂದು ಮರ್ಯಾದೆ ಉಂಟು. ಹುಡುಗನಿಗೆ ಮೀಸೆ ಚಿಗುರುವ ಮುಂಚೆಯೇ ಅವನ ಚಾಪೆ, ದಿಂಬು ಹಿತ್ತಿಲ ಗುಡಿಸಲಿಗೆ ಹೋಗುತ್ತವೆ. ಆಮೇಲೆ ಅಕ್ಕ ಮಲಗುವ ಕಡೆ ಅವನು ಕಾಲಿಡುವಂತಿಲ್ಲ, ಅವಳ ಸಾಮಾನು ಮುಟ್ಟುವಂತಿಲ್ಲ, ಒಟ್ಟಿಗೆ ಕೂತು ಟೀವಿ ನೋಡುವಂತಿಲ್ಲ. ಏನಾದರೂ ಹೇಳಬೇಕಾದರೆ ತಾಯಿಯ ಬಾಯಲ್ಲಿ ಹೇಳಿಸಬೇಕು. ಈಗಿನ ಮಕ್ಕಳು ಅಷ್ಟೆಲ್ಲ ಪಾಲಿಸುವುದಿಲ್ಲ, ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ, ಒಂದೇ ಕಾರಿನಲ್ಲಿ ಚರ್ಚಿಗೂ ಹೋಗುತ್ತಾರೆ. ಆದರೆ ಕೆಲೆಪಿ ಮತ್ತು ಲೂಪೆ ತಮ್ಮ ಅಜ್ಜಿಯ ಕೈಯಲ್ಲಿ ಬೆಳೆದವರು. ಆ ಮುದುಕಿಯ ಕಟ್ಟು ಬಲು ಬಿಗಿ.

ಅವರ ತಾಯಿ ಮೆಲೆಸೆಟೆ ನನ್ನ ಗೆಳತಿ. ಅದಕ್ಕೇ ಇಬ್ಬರೂ ನನ್ನನ್ನು ಚಿಕ್ಕಮ್ಮ ಅನ್ನುವುದು. ಲೂಪೆ ತಮ್ಮನಿಗಿಂತ ಸ್ವಲ್ಪವೇ ದೊಡ್ಡವಳು, ಆದರೂ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡು ತಾನೇ ಒಂದು ಕಡೆ ವಾಲಿ ನಡೆಯುತ್ತಿದ್ದಳು. ಅವನು ಗುಡಿಸಲಿಗೆ ಹೋದ ಮಾರನೇ ದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಲೂಪೆ ಬೇಯಿಸಿದ ಗೆಣಸಿನಲ್ಲಿ ದೊಡ್ಡ ಪಾಲು ಎತ್ತಿ ತಾಯಿಯ ಕೈಗೆ ಕೊಟ್ಟಳು, ತಾಯಿ ಅದನ್ನು ಗುಡಿಸಲಿಗೆ ಒಯ್ದಳು. ಹುಡುಗ ಅದನ್ನು ಮುಟ್ಟದೆ ಕೇಳಿದ, "ಅಮ್ಮ, ಅಕ್ಕನಿಗೆ ನನ್ನ ಮೇಲೆ ಸಿಟ್ಟಾ?"

"ಇಲ್ಲ ಕಣೋ. ನೀನು ದೊಡ್ಡವನಾದೆ, ಅಷ್ಟೇ."

ಅವನ ಮುಖ ನೋಡಿದರೆ ಸಿಟ್ಟೇ ಆಗಿದ್ದರೆ ವಾಸಿಯಿತ್ತು ಅನ್ನುವ ಹಾಗಿತ್ತು. ಸಿಟ್ಟು ಒಂದು ದಿನ ಇಳಿಯುತ್ತದೆ.

ಅವನು ಸಮುದ್ರದಾಚೆ ಸುವಾ ಪಟ್ಟಣಕ್ಕೆ ಹೋಗಿ ಕಂಪ್ಯೂಟರ್ ವಿದ್ಯೆ ಕಲಿತು ಬಂದ. ಮೂವತ್ತೈದು ದಾಟಿದರೂ ಮದುವೆ ಇಲ್ಲ, ನಾನು ತೋರಿಸಿದ ಹುಡುಗಿಯರಿಗೆಲ್ಲ ಏನೋ ಒಂದು ಕುಂದು ಹುಡುಕಿದ. ಲೂಪೆಯೂ ತಾಯಿಯನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಉಳಿದಳು. ತಾಯಿ ಮಗಳು ಸೇರಿ, ಮರದ ತೊಗಟೆ ಬಡಿದು ಚಿತ್ತಾರ ಬರೆಯುವ ತೊಗಟೆಬಟ್ಟೆಯ ವ್ಯಾಪಾರ ಮಾಡುತ್ತಿದ್ದರು. ಮದುವೆಗೂ ಸಾವಿಗೂ ತೊಗಟೆಬಟ್ಟೆ ಬೇಕೇ ಬೇಕು, ಆಕ್ಲೆಂಡಿನಲ್ಲಿ ಸಿಡ್ನಿಯಲ್ಲಿ ಇರುವ ನಮ್ಮವರು ತೊಗಟೆಯನ್ನು ಎಲ್ಲಿ ಬಡಿದಾರು. ಅವರು ಕಂಪ್ಯೂಟರಿನಲ್ಲಿ ಕೇಳುತ್ತಾರೆ, ಲೂಪೆ ಚಿತ್ತಾರದ ಚಿತ್ರ ಕಳಿಸುತ್ತಾಳೆ, ಒಪ್ಪಿದರೆ ಬಟ್ಟೆ ಹಡಗು ಹತ್ತುತ್ತದೆ. ಚಿತ್ತಾರವೆಲ್ಲ ಮೆಲೆಸೆಟೆಯ ಕೈಯದು.

ಕಂಪ್ಯೂಟರ್ ತಾಯಿ ಮಗಳು ಮಲಗುವ ಕೋಣೆಯಲ್ಲಿತ್ತು, ಆ ಮನೆಯಲ್ಲಿ ಸೋರದ ಜಾಗ ಅದೊಂದೇ. ಶನಿವಾರ ಮೆಲೆಸೆಟೆ ಆ ಪೆಟ್ಟಿಗೆಯನ್ನು ಮಗುವಿನ ಹಾಗೆ ಬಟ್ಟೆ ಸುತ್ತಿ ಎತ್ತಿಕೊಂಡು ಜಗಲಿಗೆ ತರುತ್ತಿದ್ದಳು. ಲೂಪೆ ಅಡುಗೆಮನೆಗೆ ಹೋಗುತ್ತಿದ್ದಳು. ಕೆಲೆಪಿ ಬಂದು ಜಗಲಿಯಲ್ಲಿ ಕೂತು ಅದಕ್ಕೆ ಏನೇನು ಮದ್ದು ಬೇಕೋ ಎಲ್ಲ ಮಾಡಿ ಎದ್ದು ಹೋಗುತ್ತಿದ್ದ. ಮೆಲೆಸೆಟೆ ಮತ್ತೆ ಒಳಗೆ ಹೊರುತ್ತಿದ್ದಳು. ಇದು ಎಷ್ಟೋ ವರ್ಷ ಹೀಗೇ ನಡೆಯಿತು. ಇಬ್ಬರ ನಡುವೆ ಓಡಾಡಿ ಓಡಾಡಿಯೇ ಅವಳ ಮಂಡಿ ಸವೆಯಿತು ಎಂದು ನಾನು ಅವಳನ್ನು ಕಾಡುತ್ತಿದ್ದೆ.

ಕೊನೆಗೆ ಅವಳ ಕಾಲುಗಳು ನಿಜವಾಗಿಯೂ ಸೋತವು. ಹಾಸಿಗೆ ಹಿಡಿದಳು, ಅದೂ ಲೂಪೆಯ ಕೋಣೆಯಲ್ಲಿ. ಕೆಲೆಪಿ ಒಳಗೆ ಹೋಗುವಂತಿರಲಿಲ್ಲ. ಒಳ್ಳೆಯ ದಿನ ನಾವು ಅವಳನ್ನು ಜಗಲಿಗೆ ಹೊತ್ತು ತರುತ್ತಿದ್ದೆವು. ಮಿಕ್ಕ ದಿನ ಅವನು ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ಕೂತು, "ಅಮ್ಮ, ಊಟ ಆಯ್ತಾ" ಎಂದು ಗೋಡೆಗೆ ಕೇಳುತ್ತಿದ್ದ.

ಆ ತಿಂಗಳುಗಳಲ್ಲಿ ಲೂಪೆ ಒಂದು ಕೆಲಸ ಮಾಡಿದಳು. ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ ತಾಯಿಯ ಮಾತು ಹಿಡಿದಿಟ್ಟಳು. ಯಾವ ಚಿತ್ತಾರದ ಹೆಸರೇನು, ಯಾರಿಂದ ಕಲಿತದ್ದು, ಬಡಿಯುವಾಗ ಹೇಳುತ್ತಿದ್ದ ಹಾಡು ಯಾವುದು, ಎಲ್ಲ. ನಡುನಡುವೆ ಅವಳ ಕೆಮ್ಮು, ನಗು, ನನ್ನನ್ನು ಬೈದದ್ದೂ ಅದರೊಳಗೆ ಸೇರಿತ್ತು. ಕೆಲೆಪಿ ಕಿಟಕಿಯ ಹೊರಗಿನಿಂದ ಕೇಳಿದ, "ಅಮ್ಮ, ಆ ಪೆಟ್ಟಿಗೆ ಸ್ವಲ್ಪ ಹೊರಗೆ ತರಿಸು. ಅದರದ್ದೊಂದು ಪ್ರತಿ ಮಾಡಿ ಬೇರೆ ಕಡೆ ಇಡ್ತೀನಿ."

"ನಾನು ಸತ್ತ ಮೇಲೆ ಮಾಡ್ಕೊ ಹೋಗೋ. ಈಗ ಮಾತಾಡ್ತಾ ಇದೀನಿ."

ಅವಳು ಹೋಗಿಬಿಟ್ಟಳು. ಲೂಪೆ ಕಪ್ಪು ಉಟ್ಟು, ನಮ್ಮ ರೂಢಿಯಂತೆ ಸೊಂಟಕ್ಕೆ ಶೋಕದ ಹಳೇ ಚಾಪೆ ಸುತ್ತಿಕೊಂಡಳು. ಮಾತು ದಾಟಿಸುವ ಕೆಲಸ ನನ್ನ ತಲೆಗೆ ಬಂತು. ಮೊದಲ ವಾರವೇ ಕೆಲೆಪಿ ನನ್ನನ್ನು ಅಟ್ಟಿದ. ನಾನು ಹೋಗಿ ಹೇಳಿದೆ, ಪೆಟ್ಟಿಗೆ ಹೊರಗೆ ಕೊಡಬೇಕಂತೆ ಕಣೇ, ಅಮ್ಮನ ಮಾತಿನ ಪ್ರತಿ ಮಾಡ್ತಾನಂತೆ.

"ಅಮ್ಮ ಇಟ್ಟ ಜಾಗದಿಂದ ಏನೂ ಕದಲಿಸಲ್ಲ ಚಿಕ್ಕಮ್ಮ. ವರ್ಷ ತುಂಬಲಿ."

"ಹಾಗಾದ್ರೆ ನೀನೇ ಮಾಡು. ಪೆನ್‌ಡ್ರೈವ್ ಕೊಟ್ಟು ಕಳಿಸಿದಾನೆ, ಹೇಗೆ ಅಂತಾನೂ ಹೇಳಿದಾನೆ."

"ಮಾಡ್ಬೇಕಾದ್ರೆ ಅದನ್ನ ತೆರೀಬೇಕಲ್ಲ. ತೆರೆದ್ರೆ ಅಮ್ಮ ಮಾತಾಡ್ತಾಳೆ. ಆ ಕಡೆ ಕೈ ಹೋಗಲ್ಲ."

ಅವಳ ಸಂಕಟ ನನಗೂ ಇತ್ತು. ಸತ್ತ ಗೆಳತಿ ಆ ಪೆಟ್ಟಿಗೆಯೊಳಗೆ ನನ್ನನ್ನು ಬೈಯುತ್ತ ಕೂತಿದ್ದಾಳೆ ಎಂದು ನೆನೆದರೆ ಕೇಳಬೇಕು ಅಂತಲೂ ಆಸೆ, ಬೇಡ ಅಂತಲೂ ಭಯ. ಕೆಲೆಪಿಗೆ ಹೋಗಿ ವರ್ಷ ತುಂಬಲಿ ಅಂತೆ ಎಂದೆ. ಅವನು ಕೆಕೆ ಮುರಿಯುತ್ತ, "ಕಳ್ಳರು ಶೋಕ ಮುಗೀಲಿ ಅಂತ ಕಾಯಲ್ಲ ಚಿಕ್ಕಮ್ಮ" ಎಂದ. ಆಮೇಲೆ ಒತ್ತಾಯ ಮಾಡಲಿಲ್ಲ. ಅಕ್ಕನ ಮಾತಿಗೆ ಎದುರಾಡುವುದು ನಮ್ಮಲ್ಲಿಲ್ಲ. ಪೆನ್‌ಡ್ರೈವ್ ಅವಳ ದಿಂಬಿನ ಕೆಳಗೆ ಹಾಗೇ ಉಳಿಯಿತು.

ಮುಂದೆ ನಡೆದದ್ದು ಹೀಗೆ. ವೆನಿಲಾ ಆಫೀಸಿನಲ್ಲಿ ಹೊಸದಾಗಿ ಸೇರಿದ್ದ ಗುಮಾಸ್ತೆಯೊಬ್ಬಳು ಬರಬಾರದ ಪತ್ರವೊಂದನ್ನು ತೆರೆದಳು. ಅಲ್ಲಿ ನುಗ್ಗಿದ ಕಳ್ಳರಿಗೆ ಕೆಲೆಪಿಯ ಪತ್ರಗಳು ಸಿಕ್ಕವು, ಅವನು ಯಾರ್ಯಾರ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ ಅನ್ನುವ ಹೆಸರುಗಳ ಪಟ್ಟಿಯೂ ಸಿಕ್ಕಿತು. ಅವರು ಅವನ ಹೆಸರನ್ನೇ ಹೊದ್ದುಕೊಂಡು ಎಲ್ಲರಿಗೂ ಪತ್ರ ಹಾಕಿದರು. ಕಾವಲುಗಾರನ ಅಂಗಿ ತೊಟ್ಟು ಕಳ್ಳ ಬಂದ ಹಾಗೆ. ಅಷ್ಟು ದೂರದಲ್ಲಿ ಕೂತವರಿಗೆ ಅಷ್ಟು ಬುದ್ಧಿ ಇದೆಯಲ್ಲ, ಒಳ್ಳೆಯದಕ್ಕೆ ಉಪಯೋಗಿಸಬಾರದೇ.

ಅಂದು ಬೆಳಿಗ್ಗೆ ಕೆಲೆಪಿ ನನ್ನ ಒಲೆಯ ಹತ್ತಿರ ನಿಂತಿರುವಾಗಲೇ ಅವನ ಫೋನ್ ಬಡಿದುಕೊಳ್ಳಲು ಶುರುವಾಯಿತು. ಪೆನಿ ಕೇಳಿದ, ನೀನೇ ಕಳಿಸಿದ್ದಾ? ಔಷಧದಂಗಡಿಯವರು ಕೇಳಿದರು. ಲಿನ್ ಸಾಹುಕಾರ ಕೇಳಿದ, ಕೇಳಿ ಅವನನ್ನೇ ಬೈದ. ಚರ್ಚಿನ ಶಾಲೆಯವರು ಕೇಳಿದರು. ಒಬ್ಬೊಬ್ಬರಿಗೂ ಅವನು, "ನಾನಲ್ಲ, ತೆರೀಬೇಡಿ, ಅಳಿಸಿ" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ. ಆದರೂ ಮುಖದಲ್ಲಿ ನಗು. ಕಲಿಸಿದ ಪಾಠ ಒಬ್ಬರೂ ಮರೆತಿರಲಿಲ್ಲ.

"ನೋಡಿದ್ಯಾ ಚಿಕ್ಕಮ್ಮ, ಎಲ್ರೂ ಕೇಳಿದ್ರು."

ಅವನು ಹಾಗೆ ಹೇಳಿ ಸೈಕಲ್ ಹತ್ತಿದ. ಸ್ವಲ್ಪ ಹೊತ್ತಿಗೆ ಲೂಪೆ ಬಂದಳು. ಸೊಂಟದ ಚಾಪೆ ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. "ಚಿಕ್ಕಮ್ಮ, ಕಂಪ್ಯೂಟರಲ್ಲಿ ಎಲ್ಲದಕ್ಕೂ ಬೀಗ ಬಿದ್ದಿದೆ. ಒಂದೂ ತೆರೀತಾ ಇಲ್ಲ. ದುಡ್ಡು ಕೊಡಿ ಅಂತ ಬರೆದಿದೆ" ಎಂದಳು. ನಾನು ಒಲೆ ಆರಿಸಿ ಕೆಲೆಪಿಗೆ ಫೋನ್ ಮಾಡಿದೆ.

ಅವನು ಬಂದು ಕಿಟಕಿಯ ಹೊರಗೆ ನಿಂತ. ಲೂಪೆ ಕೋಣೆಯೊಳಗೆ. ನಾನು ಬಾಗಿಲಲ್ಲಿ.

"ತಂತಿ ಕೀಳಕ್ಕೆ ಹೇಳು" ಎಂದ.

"ತಂತಿ ಕೀಳಬೇಕಂತೆ" ಎಂದೆ.

"ಯಾವ ತಂತಿ ಅಂತ ಕೇಳು ಚಿಕ್ಕಮ್ಮ."

"ಯಾವ ತಂತಿ ಅಂತೆ ಕಣೋ."

"ಹಿಂದುಗಡೆ ಇರೋ ನೀಲಿ ತಂತಿ."

ಅವನ ದನಿ ಅವಳಿಗೆ ಕೇಳುತ್ತಿತ್ತು, ಅವಳದು ಅವನಿಗೆ. ನಡುವೆ ಇದ್ದದ್ದು ಹಲಗೆಯ ಗೋಡೆ. ಆದರೂ ನಾನು ಹೇಳುವ ತನಕ ಅವಳ ಕೈ ತಂತಿಗೆ ಹೋಗಲಿಲ್ಲ. ನನಗೆ ಒಳಗೊಳಗೇ ಕೋಪ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಮರ್ಯಾದೆಯ ಮೇಲೆ ಕೋಪ ಮಾಡಿಕೊಂಡು ಏನು ಮಾಡುವುದು, ನಾನೂ ಅದರಲ್ಲೇ ಬೆಳೆದವಳು.

ಅಂದು ಲೂಪೆ ತಾಯಿ ಇಟ್ಟ ಜಾಗದಿಂದ ಪೆಟ್ಟಿಗೆಯನ್ನು ತಾನೇ ಎತ್ತಿ ಜಗಲಿಗೆ ತಂದಿಟ್ಟು ಅಡುಗೆಮನೆಗೆ ಹೋದಳು. ಕೆಲೆಪಿ ಅದನ್ನು ಗುಡಿಸಲಿಗೆ ಒಯ್ದ. ವಾರಗಟ್ಟಲೆ ಅದರ ಮುಂದೆ ಕೂತ. ಸುವಾದಲ್ಲಿ ಜೊತೆಗೆ ಓದಿದವರಿಗೆ, ಬ್ರಿಸ್ಬೇನಿನಲ್ಲಿ ಇದೇ ಕೆಲಸದಲ್ಲಿರುವವರಿಗೆ ಬರೆದ. ಗಂಡಸರೆಲ್ಲ ಸೇರಿ ಕಾವಾ ಬೇರಿನ ರಸ ಕುಡಿಯುವ ಕೂಟಕ್ಕೂ ಹೋಗಲಿಲ್ಲ. ಬಟ್ಟೆಯ ಚಿತ್ರಗಳನ್ನು ಗಿರಾಕಿಗಳಿಂದ ಮರಳಿ ತರಿಸಿಕೊಳ್ಳಬಹುದಿತ್ತು, ಅವರ ಹತ್ತಿರ ಇದ್ದವು. ಅಮ್ಮನ ದನಿ ಮಾತ್ರ ಅದೊಂದು ಪೆಟ್ಟಿಗೆಯಲ್ಲಿತ್ತು. ಲೂಪೆ ದಿನಾ ನನ್ನ ಮುಖ ನೋಡುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಒಂದು ದಿನ ಅವಳು ತಡೆಯಲಾರದೆ ಹೇಳಿದಳು. "ಅಮ್ಮ ಬರೆದ ದೊಡ್ಡ ಬಟ್ಟೆ ಇದೆಯಲ್ಲ, ಅದನ್ನ ಮಾರ್ತೀನಿ. ಕಳ್ಳರು ಕೇಳಿದ್ದನ್ನ ಕೊಟ್ಟುಬಿಡೋಣ. ಅವನಿಗೆ ಹೇಳು."

ಕೆಲೆಪಿ ಬೇಲಿಯ ಹತ್ತಿರ ಬಾಳೆ ಗಿಡಕ್ಕೆ ಒರಗಿ ನಿಂತಿದ್ದ. "ಬೇಡ ಅಂತ ಹೇಳು ಚಿಕ್ಕಮ್ಮ. ಅವರ ಹತ್ತಿರ ಬೀಗದ ಕೈ ಇದೆ ಅಂತ ಯಾರು ಹೇಳಿದ್ರು? ಸುವಾದಲ್ಲಿ ನನಗೆ ಗೊತ್ತಿರೋರೇ ಒಬ್ರು ಕೊಟ್ಟು ಕೂತಿದಾರೆ. ಏನೂ ತೆರೆದಿಲ್ಲ. ಕೊಡೋ ಮನೆ ಅಂತ ಕಳ್ಳರಿಗೆ ಗುರುತು ಸಿಕ್ಕಿದ್ದೇ ಲಾಭ, ಮತ್ತೆ ಬಂದ್ರು."

ನಾನು ಅದನ್ನು ಒಪ್ಪಿಸುವ ಮೊದಲೇ ಲೂಪೆ ಒಳಗಿನಿಂದ, "ಅವನಿಗೇನು, ಅವನು ಹೊರಗೇ ಇದ್ದ. ಒಳಗೆ ಅಮ್ಮನ ಜೊತೆ ಇದ್ದೋಳು ನಾನು" ಎಂದಳು.

ಈ ಮಾತನ್ನು ನಾನು ದಾಟಿಸುವುದಿಲ್ಲ ಎಂದು ಬಾಯಿ ಬಿಗಿದು ನಿಂತೆ. ದಾಟಿಸುವ ಅಗತ್ಯವೇನಿತ್ತು, ಅವನು ಕೇಳಿಸಿಕೊಂಡಾಗಿತ್ತು. ಬಾಳೆಯ ಒಣ ಎಲೆಯೊಂದನ್ನು ಎಳೆಯೆಳೆಯಾಗಿ ಸೀಳುತ್ತ ನಿಂತ. ಆಮೇಲೆ ತಲೆ ಎತ್ತದೆ ಹೇಳಿದ.

"ಅವಳು ಹೇಳೋದು ಸರಿ ಅಂತ ಹೇಳು. ನಾನು ಹೊರಗೇ ಇದ್ದೆ. ಅದಕ್ಕೇ ಪ್ರತಿ ಬೇಕು ಅಂತ ಕೇಳ್ತಿದ್ದದ್ದು. ಅಮ್ಮ ಕೊನೇಲಿ ಏನೇನು ಮಾತಾಡಿದ್ಲೋ ನಾನು ಒಂದೂ ಕೇಳಿಲ್ಲ."

ನಾನು ಒಳಗೆ ಹೋಗಿ ನೋಡಿದೆ. ಲೂಪೆ ಮುಖಕ್ಕೆ ಶೋಕದ ಚಾಪೆಯ ಅಂಚನ್ನೇ ಒತ್ತಿಕೊಂಡಿದ್ದಳು. ದೊಡ್ಡ ಬಟ್ಟೆ ಮಾರುವ ಮಾತು ಮತ್ತೆ ಬರಲಿಲ್ಲ.

ಅಂದೇ ನಾನು ಅವಳನ್ನು ಕೇಳಿದೆ. ಇಷ್ಟು ದಿನ ಮನಸ್ಸಿನಲ್ಲಿ ಕುಟುಕುತ್ತಿದ್ದ ಪ್ರಶ್ನೆ. "ಊರಲ್ಲಿ ಎಲ್ರೂ ಫೋನ್ ಮಾಡಿ ಕೇಳಿದ್ರಲ್ಲೇ. ನೀನು ನನ್ನನ್ನ ಅಟ್ಟಿ ಕೇಳಿಸಬಹುದಿತ್ತಲ್ಲ. ಯಾಕೆ ತೆರೆದೆ?"

ಅವಳು ಚಾಪೆಯ ಅಂಚನ್ನು ಕೈಯಿಂದ ಸವರಿ ನೇರ ಮಾಡಿದಳು.

"ನನ್ನ ಹೆಸರಿತ್ತು ಚಿಕ್ಕಮ್ಮ. ಲೂಪೆ, ಇದನ್ನು ನೋಡು, ನಿನಗೆ ಬೇಕಾಗಬಹುದು ಅಂತಿತ್ತು. ಕೆಳಗೆ ಕೆಲೆಪಿ ಅಂತ. ಅವನು ಯಾವತ್ತೂ ನನಗೆ ಬರೆದಿಲ್ಲ. ಅಮ್ಮ ಈಗ ಇಲ್ಲವಲ್ಲ, ಅದಕ್ಕೇ ಬರೆದನೇನೋ ಅನ್ಕೊಂಡೆ."

"ಅದಕ್ಕೇ ಕೇಳಬೇಕಿತ್ತು."

"ಕೇಳಿದ್ರೆ ನೀನು ನಡುವೆ ಬರ್ತಿದ್ದೆ."

ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಬೇಜಾರಿಗಿಂತ ಮಿಗಿಲಾದದ್ದೊಂದು ಎದೆಗೆ ಬಂದು ಕೂತಿತು. ನನ್ನಣ್ಣ ವವಾವು ದ್ವೀಪದ ಹತ್ತಿರ ದೋಣಿ ಮಗುಚಿ ತೀರಿಹೋದ. ಅವನ ದನಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ನೆನಪಿಲ್ಲ. ನನ್ನ ಎದುರು ಅವನು ಬಾಯಿ ತೆರೆದದ್ದೇ ಕಡಿಮೆ.

ಲೂಪೆಯ ಈ ಮಾತನ್ನು ಮಾತ್ರ ನಾನು ಕೆಲೆಪಿಗೆ ದಾಟಿಸಿದೆ. ಒಂದಕ್ಷರ ಕೂಡಿಸದೆ, ಕಳೆಯದೆ. ಅವನು ಒಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ಹಾಗೇ ಕೂತ. ಎಣ್ಣೆಯಲ್ಲಿದ್ದ ಕೆಕೆ ಕರಟಿ ಕಪ್ಪಾಯಿತು, ನಾನೂ ನೋಡಲಿಲ್ಲ.

"ಅವಳಿಗೆ ಹೇಳು," ಎಂದ ಕೊನೆಗೆ, "ಇನ್ನು ಮುಂದೆ ನನ್ನ ಹೆಸರಲ್ಲಿ ಏನು ಬಂದ್ರೂ ಅದು ಸುಳ್ಳು. ನಾನು ಬರೆಯಲ್ಲ. ಅದೇ ಗುರುತು ಅಂತ ಇಟ್ಕೊಳ್ಳಲಿ."

"ಇಷ್ಟೇನಾ ನೀನು ಹೇಳೋದು?"

"ಕಾಯೋನು ಇನ್ನೇನು ಹೇಳಕ್ಕಾಗತ್ತೆ ಚಿಕ್ಕಮ್ಮ."

ನನಗೆ ಅವನ ತಲೆಗೆ ಜಾಲರಿಯಲ್ಲಿ ಬಾರಿಸಬೇಕು ಅನ್ನಿಸಿತು. ಆದರೆ ಅವನ ಕಣ್ಣು ನೋಡಿ ಜಾಲರಿ ಕೆಳಗಿಟ್ಟೆ. ಹೋಗಿ ಲೂಪೆಗೆ ಹೇಳಿದೆ. ಅವಳು, "ಆಯ್ತು, ಗುರುತಿಟ್ಕೋತೀನಿ" ಎಂದಳು. ನಾನು ದಾಟಿಸಿದ ಮಾತುಗಳಲ್ಲೆಲ್ಲ ಅದು ಭಾರದ್ದು.

ಬೀಗ ತೆರೆಯಲೇ ಇಲ್ಲ. ಮೆಲೆಸೆಟೆಯ ದನಿ ಹೋಯಿತು. ಅವಳು ಸತ್ತಾಗ ಅತ್ತದ್ದಕ್ಕಿಂತ ನಾನು ಅಂದು ಹೆಚ್ಚು ಅತ್ತೆ.

ಶೋಕದ ವರ್ಷ ತುಂಬಿತು. ಲೂಪೆ ಕಪ್ಪು ಬಿಚ್ಚಿದಳು. ಒಂದು ದಿನ ನೋಡುತ್ತೇನೆ, ಜಗಲಿಯ ಮೂಲೆಗೆ ತಾನೇ ಹಲಗೆ ಬಡಿದು, ಸೋರದ ಹಾಗೆ ತಗಡು ಹೊದಿಸಿದ್ದಾಳೆ. ಕಂಪ್ಯೂಟರ್ ಇನ್ನು ಇಲ್ಲೇ ಇರುತ್ತದಂತೆ. ಅಮ್ಮನ ಜೊತೆಯ ಮುದುಕಿಯರು ಇನ್ನೂ ನಾಲ್ಕಾರು ಜನ ಬದುಕಿದ್ದಾರಲ್ಲ, ಅವರಿಂದ ಚಿತ್ತಾರಗಳ ಹೆಸರು ಹೇಳಿಸಿ ಹಿಡಿದಿಡುತ್ತಾಳಂತೆ. ಮುದುಕಿಯರು ಎಂದರೆ ನಾನೂ ಸೇರಿ. ಬಾಯಿ ಜೋರು ಮಾಡಿ ಬೈದು ಒಪ್ಪಿಕೊಂಡೆ.

ಕೆಲೆಪಿ ಬಂದು ಎಲ್ಲವನ್ನೂ ಹೊಸದಾಗಿ ಕೂಡಿಸಿದ. ಅವನು ಬರುವ ಹೊತ್ತಿಗೆ ಲೂಪೆ ಎದ್ದು ಅಡುಗೆಮನೆಗೆ ಹೋದಳು. ಅವಳು ಕೂತು ಬಿಸಿಯಾದ ಕುರ್ಚಿಯಲ್ಲಿ ಕೂರದೆ ಅವನು ಅದನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಮಂಡಿಯೂರಿ ಕೆಲಸ ಮಾಡಿದ. ಹೇಳಬೇಕಾದ್ದನ್ನೆಲ್ಲ ನನಗೆ ಹೇಳಿದ. ಏನೇ ಹಿಡಿದಿಟ್ಟರೂ ಒಂದು ಪ್ರತಿ ಯಂತ್ರದಲ್ಲಿ, ಒಂದು ಬೇರೆ ಮನೆಯಲ್ಲಿ, ಒಂದು ಸಮುದ್ರದಾಚೆ. ಬೇರೆ ಮನೆ ಎಂದರೆ ನನ್ನದು. ಸಮುದ್ರದಾಚೆ ಎಂದರೆ ಆಕ್ಲೆಂಡಿನಲ್ಲಿ ಮೆಲೆಸೆಟೆಯ ತಂಗಿ. ಕೊನೆಗೆ ಮೈಕ್ ಸರಿಯಾಗಿದೆಯೋ ಇಲ್ಲವೋ ನೋಡಲು ಅದರ ಮುಂದೆ ಬಗ್ಗಿದ.

"ಒಂದು, ಎರಡು, ಮೂರು. ಇವತ್ತು ಗುರುವಾರ. ಗಾಳಿ ಜೋರಾಗಿದೆ. ಯಾರದೋ ಹಂದಿ ಬೇಲಿ ನುಗ್ಗಿದೆ, ಹೋಯ್, ಹೋಯ್, ಚಿಕ್ಕಮ್ಮ ಓಡಿಸು ಅದನ್ನ. ಆಯ್ತು."

ಹಂದಿಯನ್ನು ಓಡಿಸಿ ಬಂದ ನನಗೆ, "ಈ ಪರೀಕ್ಷೆ ಮಾಡಿದ್ದನ್ನ ಅಳಿಸಿಬಿಡು ಅಂತ ಅಕ್ಕನಿಗೆ ಹೇಳು, ಸುಮ್ನೆ ಜಾಗ ತಿನ್ನತ್ತೆ" ಎಂದು ಹೇಳಿ ಹೋದ. ನಾನು ಹೇಳಿದೆ. ಲೂಪೆ ಹೂಂ ಅಂದಳು.

ಕೆಲೆಪಿಯದು ಇನ್ನೊಂದು ಹಟ ಇದೆ. ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲವಂತೆ. ತಿಂಗಳಿಗೊಮ್ಮೆ ಊರಿನ ಅಂಗಡಿಗಳವರ ಪ್ರತಿಗಳನ್ನೆಲ್ಲ ತೆರೆಸಿ ನೋಡುತ್ತಾನೆ. ಹಾಗೆ ನನ್ನಲ್ಲಿಗೂ ಬಂದ. ಲೂಪೆ ನನ್ನಲ್ಲಿಟ್ಟಿದ್ದ ಪೆನ್‌ಡ್ರೈವನ್ನು ನಾನು ಒಳಗಿನಿಂದ ತಂದುಕೊಟ್ಟೆ. ಒಲೆಯ ಪಕ್ಕದ ಬೆಂಚಿನ ಮೇಲೆ ತನ್ನ ಸಣ್ಣ ಕಂಪ್ಯೂಟರ್ ಇಟ್ಟು, ಅದನ್ನು ಸಿಕ್ಕಿಸಿ, ಕಂಡ ಮೊದಲನೆಯದನ್ನು ಒತ್ತಿದ. ಯಾವುದೋ ಮುದುಕಿಯ ಮಾತು ಬರುತ್ತದೆ ಎಂದು ನಾನು ಕಿವಿ ಕೊಟ್ಟೆ.

ಒಂದು, ಎರಡು, ಮೂರು. ಇವತ್ತು ಗುರುವಾರ.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಹಂದಿಯ ತನಕ, ಆಯ್ತು ಅನ್ನುವ ತನಕ ಪೂರಾ ಬಂತು. ಕೆಳಗೆ ಅವಳು ಏನೇನು ಎಲ್ಲೆಲ್ಲಿಗೆ ಕಳಿಸಿದ್ದಾಳೆ ಅನ್ನುವ ಪಟ್ಟಿ ನೋಡಿ, "ಆಕ್ಲೆಂಡಿಗೂ ಕಳಿಸಿದಾಳೆ" ಎಂದ. "ಎಲ್ಲದಕ್ಕಿಂತ ಮುಂಚೆ ಇದನ್ನೇ ಕಳಿಸಿದಾಳೆ." ನಾನು ಅವನಿಗೆ ಬೆನ್ನು ಹಾಕಿ ಹಿಟ್ಟು ಕಲಸಿದೆ. ಕಲಸಿದ ಹಿಟ್ಟನ್ನೇ ಮತ್ತೆ ಕಲಸಿದೆ.

ಅವನು ಕಂಪ್ಯೂಟರ್ ಮುಚ್ಚಿ ಎದ್ದ. "ಪ್ರತಿ ಚೆನ್ನಾಗಿದೆ ಅಂತ ಅಕ್ಕನಿಗೆ ಹೇಳು ಚಿಕ್ಕಮ್ಮ. ಆದ್ರೆ ಆ ಮೈಕ್ ಅಷ್ಟು ನಂಬೋ ಹಾಗಿಲ್ಲ. ಇನ್ನು ಪ್ರತಿ ಗುರುವಾರ ಬಂದು ಪರೀಕ್ಷೆ ಮಾಡ್ಬೇಕಾಗತ್ತೆ."

ಮೈಕಿಗೆ ಏನೂ ಆಗಿಲ್ಲ. ಅದು ನನಗೂ ಗೊತ್ತು, ಲೂಪೆಗೂ ಗೊತ್ತು. ಗುರುವಾರ ಅವಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಅವನು ಜಗಲಿಯ ನೆಲದಲ್ಲಿ ಮಂಡಿಯೂರಿ ಒಂದು, ಎರಡು, ಮೂರು ಎಂದು ಶುರು ಮಾಡುತ್ತಾನೆ. ಗಾಳಿಯ ಮಾತು, ಪೆನಿಯ ಸುದ್ದಿ, ಗುಡಿಸಲಿಗೆ ಹೋದ ಮಾರನೇ ದಿನ ಗೆಣಸು ತಿನ್ನದೆ ಕೂತದ್ದು, ಕಿಟಕಿಯ ಕೆಳಗೆ ಕೂತಾಗ ಅಮ್ಮನ ಕೆಮ್ಮು ಎಣಿಸುತ್ತಿದ್ದದ್ದು. ಮೊದಲೆರಡು ಗುರುವಾರ ನಾನು ಬೇಲಿಯ ಹತ್ತಿರ ನಿಂತು ಇಷ್ಟು ಕೇಳಿಸಿಕೊಂಡೆ. ಆಮೇಲೆ ಆ ಹೊತ್ತಿಗೆ ಆ ಕಡೆ ಹೋಗುವುದು ಬಿಟ್ಟೆ. ಹೋದ ವಾರದ ಪರೀಕ್ಷೆ ಅರ್ಧ ಗಂಟೆ ಇತ್ತು ಎಂದು ಲೂಪೆ ಹೇಳಿದಳು. ಏನು ಹೇಳಿದ ಎಂದು ನಾನು ಕೇಳಲಿಲ್ಲ.